ಮನೆಗಾಡಿಗಳ ಸೋರಿಕೆ ಹಿಡಿಯುವ ಮಹಾಲಿಂಗಪ್ಪ

ಬೆಳಗಿನ ಆರೂವರೆ. ನವೆಂಬರಿನ ಸ್ಟುಟ್‌ಗಾರ್ಟ್‌ನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಊರಂಚಿನ ವರ್ಕ್‌ಶಾಪಿನಲ್ಲಿ ಬಿಳಿಯ ಗಾಡಿಯೊಂದು ನಿಂತಿದೆ. ಕೆಲಸಗಾರನೊಬ್ಬ ಏಣಿ ಹತ್ತಿ ಅದರ ಮೇಲೆ ಪೈಪಿನಿಂದ ನೀರು ಬಿಡುತ್ತಿದ್ದಾನೆ. ಗಾಡಿಯ ಒಳಗೆ, ಮಂಚದ ಹಲಗೆಯ ಮೇಲೆ ಮಂಡಿಯೂರಿ, ಟಾರ್ಚ್ ಹಿಡಿದು ಒಂದು ಮೂಲೆಯನ್ನೇ ನೋಡುತ್ತ ಕೂತವರು ಹುಬ್ಬಳ್ಳಿಯ ಮಹಾಲಿಂಗಪ್ಪ. ನಾನು ಮಾತು ತೆಗೆದರೆ ತುಟಿಯ ಮೇಲೆ ಬೆರಳಿಡುತ್ತಾರೆ. ಇಪ್ಪತ್ತು ನಿಮಿಷ ನಾನೂ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಜನರನ್ನು ಮಾತಾಡಿಸಿ ಪತ್ರಿಕೆಗೆ ಬರೆಯುವ ನನ್ನ ಕಸುಬಿನವರಿಗೆ ಇದು ಸಣ್ಣ ಶಿಕ್ಷೆಯಲ್ಲ.

ಮಂಚ, ಒಲೆ, ಕಕ್ಕಸು ಎಲ್ಲ ಒಳಗೇ ಇರುವ ಈ ಗಾಡಿಗೆ ಇಲ್ಲಿನವರು ವೋನ್‌ಮೊಬಿಲ್ ಎನ್ನುತ್ತಾರೆ. ಮಹಾಲಿಂಗಪ್ಪ ಮನೆಗಾಡಿ ಎನ್ನುತ್ತಾರೆ, ನನಗೂ ಅದೇ ಹಿಡಿಸಿದೆ. ಚಳಿ ಶುರುವಾದರೆ ನಿವೃತ್ತರಾದ ಜರ್ಮನ್ನರು ಇದನ್ನು ಹತ್ತಿ ಸ್ಪೇನಿನ ಸಮುದ್ರತೀರಕ್ಕೆ ಹೊರಡುತ್ತಾರೆ. ಅಲ್ಲಿ ಗಾಡಿಗಳಿಗೆಂದೇ ಮಾಡಿದ ಬಯಲುಗಳಿವೆ. ಪ್ರತಿ ವರ್ಷ ಅದೇ ಜಾಗ, ಅದೇ ನೆರೆಹೊರೆ, ಎಳೆಬಿಸಿಲು. ಮಾರ್ಚ್‌ವರೆಗೆ ಅದೇ ಅವರ ಮನೆ. ಈ ಎರಡು ತಿಂಗಳಲ್ಲಿ ಮಹಾಲಿಂಗಪ್ಪನವರ ಕೈಯಿಂದ ಹಾಗೆ ಹೊರಟ ಗಾಡಿಗಳು ನಲವತ್ತಾರು.

ಗಾಡಿ ಸೋರುತ್ತದೋ ಇಲ್ಲವೋ ಎಂದು ನೋಡುವುದಷ್ಟೇ ಅವರ ಕೆಲಸ. ಕಿಟಕಿ, ಚಾವಣಿ, ಬಾಗಿಲು ಕೂಡುವ ಕಡೆಗಳಲ್ಲೆಲ್ಲ ಒಳಗಿನಿಂದ ಬಿಳಿ ಪುಡಿ ಹಚ್ಚುತ್ತಾರೆ. ಹೊರಗೆ ನೀರು ಬಿಡಿಸುತ್ತಾರೆ. ಒಂದು ಹನಿ ನುಸುಳಿದರೂ ಪುಡಿ ಅಲ್ಲಿ ಮಾಸಿ ಅಂಟಿಕೊಳ್ಳುತ್ತದೆ. ಹುಬ್ಬಳ್ಳಿಯಲ್ಲಿ ಬಸ್ಸುಗಳಿಗೆ ಬಾಡಿ ಕಟ್ಟುವ ಶೆಡ್ಡಿನಲ್ಲಿ ಒಂಬತ್ತು ವರ್ಷ ಮಾಡಿ ಕಲಿತದ್ದು ಇದು.

“ಇಲ್ಲಿ ಮೊದಲನೇ ದಿನ ಪುಡಿ ಎಲ್ಲಿಂದ ತರಲ್ರೀ? ಚೀಲದಾಗ ವಿಭೂತಿ ಗಟ್ಟಿ ಇತ್ತು. ಅದನ್ನ ಪುಡಿ ಮಾಡಿ ಹಚ್ಚಿದೆ. ನಮ್ಮ ಮೈಸ್ಟರ್ ಪೂಜಿ ನಡದೈತಿ ಅಂತ ತಿಳದು ಟೊಪ್ಪಿಗಿ ತಗದು ಕೈಕಟ್ಟಿ ನಿಂತಿದ್ದ!” ಮೈಸ್ಟರ್ ಎಂದರೆ ವರ್ಕ್‌ಶಾಪಿನ ಯಜಮಾನ. ಈಗ ಅವರೇ ವ್ಯಾಯಾಮದವರು ಕೈಗೆ ಹಚ್ಚಿಕೊಳ್ಳುವ ಪುಡಿಯ ಡಬ್ಬಿ ತರಿಸಿದ್ದಾರೆ.

ಕಂಪ್ಯೂಟರ್ ಬಲ್ಲವರಿಗೆಂದು ಜರ್ಮನಿ ಕೊಡುವ ಗ್ರೀನ್ ಕಾರ್ಡ್ ಸಿಕ್ಕಿದ್ದು ಪತ್ನಿ ನೇತ್ರಾ ಅವರಿಗೆ. ಎರಡು ವರ್ಷದ ಹಿಂದೆ, ಎರಡು ಸಾವಿರದ ಒಂದರಲ್ಲಿ, ಕಾರಿನ ಬಿಡಿಭಾಗ ಮಾಡುವ ಕಂಪನಿಗೆ ಪ್ರೋಗ್ರಾಮರ್ ಆಗಿ ಬಂದರು. ಹಿಂದೆ ಹೊರಟ ಮಹಾಲಿಂಗಪ್ಪನವರನ್ನು ಬೀಗರೆಲ್ಲ ಹೆಂಡತಿಯ ಸೆರಗು ಹಿಡಿದು ಹೋದ ಎಂದು ಆಡಿಕೊಂಡರಂತೆ. “ಸೆರಗ ಎಲ್ಲಿ ಬಂತ್ರೀ, ಆಕಿ ಜೀನ್ಸ್ ಹಾಕ್ತಾಳ” ಎಂದು ನಗುತ್ತಾರೆ. ಕೆಲಸದ ಪರವಾನಗಿ ಕೈಗೆ ಬರುವವರೆಗೆ ಮಾತ್ರ ಆ ನಗು ಇರಲಿಲ್ಲ. ವರ್ಷವಿಡೀ ಮನೆಯಲ್ಲಿ ರೊಟ್ಟಿ ಬಡಿದು, ಕಿಟಕಿಯಲ್ಲಿ ನಿಂತು, ತಾನು ಯಾವುದಕ್ಕೂ ಬೇಡದವನಾದೆನೇ ಎಂದು ಒಳಗೊಳಗೇ ಕುದ್ದಿದ್ದಾರೆ. ಈಗ ಐದಕ್ಕೆ ಎದ್ದು, ಟ್ರಾಮು, ಬಸ್ಸು, ಆಮೇಲೆ ಕಾಲು ಗಂಟೆ ನಡಿಗೆ. ತಣ್ಣೀರಿಗೆ ಬೆರಳ ಸಂದಿಗಳು ಒಡೆದಿವೆ.

ಇವತ್ತಿನ ಗಾಡಿ ಫ್ರಾವ್, ಎಂದರೆ ಶ್ರೀಮತಿ, ಕ್ಯೂಬ್ಲರ್ ಎಂಬ ಎಪ್ಪತ್ತನಾಲ್ಕರ ವಿಧವೆಯದು. ಗಾಡಿಯನ್ನು ತಾವೇ ಓಡಿಸುತ್ತಾರೆ. ಚಳಿಗೆ ಕೀಲುಗಳು ಹಿಡಿದು ಇಲ್ಲಿದ್ದರೆ ಹಾಸಿಗೆಯಿಂದ ಏಳುವುದೂ ಕಷ್ಟ. ಹೋದ ವರ್ಷವೂ ಇದೇ ಗಾಡಿಯನ್ನು ನೋಡಿ ಸರಿಯಿದೆ ಎಂದು ರುಜು ಹಾಕಿದವರು ಮಹಾಲಿಂಗಪ್ಪ. ಜನವರಿಯಲ್ಲಿ ಸ್ಪೇನಿನಲ್ಲಿ ಮಳೆ ಹೊಡೆಯಿತು. ತಲೆದಿಂಬಿನ ಮೂಲೆಯಿಂದ ನೀರಿಳಿದು ಹಾಸಿಗೆ ತೊಯ್ದು, ಕೆಮ್ಮು ಹತ್ತಿ, ಅಜ್ಜಿ ನಡುಚಳಿಗಾಲದಲ್ಲೇ ವಾಪಸು ಬಂದು ಆಸ್ಪತ್ರೆ ಸೇರಿದರು.

“ಆ ಮೂಲಿ ಒಂದನ್ನ ನಾ ನೋಡಿರಲಿಲ್ರಿ” ಎನ್ನುತ್ತಾರೆ ಮಹಾಲಿಂಗಪ್ಪ, ಮುಖ ತಗ್ಗಿಸಿ. “ಹಾಸಿಗಿ ಹಾಸೇ ಇತ್ತು. ಮ್ಯಾಲಿಂದ ಹೆಣ್ಣಮಗಳ ಹಾಸಿಗಿ. ನಾ ಪರಗಂಡಸು, ಅದರ ಮ್ಯಾಲೆ ಹೆಂಗ ಹತ್ತಲಿ? ಕೆಳಗ ನಿಂತು ಟಾರ್ಚ್ ಬಿಟ್ಟು ನೋಡಿದೆ, ಒಣಗೇ ಕಂಡ್ತು. ಮರ್ಯಾದಿ ನೋಡಾಕ ಹೋಗಿ ಆ ಜೀವಕ್ಕ ತ್ರಾಸ ಕೊಟ್ಟೆ.”

ಯಾರಿಗೂ ಹೇಳಬೇಡ ಎಂದು ಮೈಸ್ಟರ್ ಬುದ್ಧಿ ಹೇಳಿದರೂ ಕೇಳದೆ, ತಮ್ಮ ಹರಕು ಜರ್ಮನ್ನಿನಲ್ಲಿ ಅಜ್ಜಿಗೆ ಎಲ್ಲ ಒಪ್ಪಿಸಿದರಂತೆ. ಆಕೆ ಬೈಯಲಿಲ್ಲ. ಈ ವರ್ಷ ಹಾಸಿಗೆಯನ್ನು ಮನೆಯಲ್ಲೇ ಇಳಿಸಿಟ್ಟು ಗಾಡಿ ತಂದಿದ್ದಾರೆ. ಈ ಸಲವೂ ಸೋರಿದರೆ ಗಾಡಿ ಮಾರಿಬಿಡುತ್ತೇನೆ ಎಂದೂ ಹೇಳಿದ್ದಾರೆ.

ನೀರು ನಿಲ್ಲುತ್ತದೆ. ಮಹಾಲಿಂಗಪ್ಪ ಮೂಲೆಯ ಮೇಲೆ ಟಾರ್ಚ್ ಹಿಡಿಯುತ್ತಾರೆ. ನಿನ್ನೆಯಷ್ಟೇ ರಬ್ಬರು ಬದಲಿಸಿದ ಕಿಟಕಿ ಅದು. ಅದರ ಕೆಳಗೆ, ಕಿರುಬೆರಳಿನಷ್ಟು ಉದ್ದಕ್ಕೆ, ಪುಡಿ ಮಾಸಿದೆ.

ಮೈಸ್ಟರ್ ಕೆಟ್ಟವರೇನಲ್ಲ. ಮೇಲೊಂದು ಪಟ್ಟಿ ಅಂಟು ಬಳಿದು ಕಳಿಸೋಣ ಎನ್ನುತ್ತಾರೆ. ನಾಳೆ ಗುರುವಾರ ಅಜ್ಜಿಯ ಪಕ್ಕದ ಮನೆಯವರ ಎರಡು ಗಾಡಿಗಳು ಹೊರಡುತ್ತವೆ. ಅವುಗಳ ಜೊತೆ ತಪ್ಪಿದರೆ ಈ ವಯಸ್ಸಿನಲ್ಲಿ ಸಾವಿರದ ಆರುನೂರು ಕಿಲೋಮೀಟರ್ ಆಕೆ ಒಬ್ಬರೇ ಓಡಿಸಬೇಕು. ಮಹಾಲಿಂಗಪ್ಪ ಚೌಕಟ್ಟಿನ ತಿರುಪು ಬಿಚ್ಚತೊಡಗುತ್ತಾರೆ. ಕಿಟಕಿ ಹೊರಬಂದಾಗ ಒಳಗಿನ ಮರದ ಪಟ್ಟಿ ಬೆರಳಿಗೆ ಹಿಟ್ಟಿನಂತೆ ಉದುರುತ್ತದೆ. ಮರ ಬದಲಿಸಿ, ಅಂಟು ಒಣಗಿ, ಮತ್ತೆ ನೀರು ಬಿಟ್ಟು ನೋಡಲು ಶನಿವಾರವಾಗುತ್ತದೆ.

ಹತ್ತು ಗಂಟೆಗೆ ಫ್ರಾವ್ ಕ್ಯೂಬ್ಲರ್ ಬರುತ್ತಾರೆ. ಕಿಟಕಿಯಿಲ್ಲದ ಗಾಡಿ ನೋಡಿ ಮುಖ ಕೆಂಪಾಗುತ್ತದೆ. ಮಹಾಲಿಂಗಪ್ಪ ಉದುರಿದ ಮರವನ್ನು ಅಂಗೈಯಲ್ಲಿ ಹಿಡಿದು ತೋರಿಸಿ, ತಮ್ಮ ಜರ್ಮನ್ನಿನಲ್ಲಿ ಎರಡೇ ಪದ ಹೇಳುತ್ತಾರೆ: ಶನಿವಾರ, ಒಣಗಿರುತ್ತದೆ. ಅಜ್ಜಿ ಒಂದು ಚೂರನ್ನು ಎತ್ತಿಕೊಂಡು ಬೆರಳಲ್ಲಿ ಹಿಸುಕಿ ನೋಡುತ್ತಾರೆ. ಕಡೆಗೆ ಪಕ್ಕದ ಮನೆಯವರಿಗೆ ಫೋನ್ ಮಾಡಿ, ನೀವು ಹೊರಡಿ ಎನ್ನುತ್ತಾರೆ. ಒಂದು ಹನಿ ಬಿದ್ದರೂ ಅಲ್ಲಿಂದಲೇ ನಿನಗೆ ಫೋನ್ ಮಾಡುತ್ತೇನೆ ಎಂದು ಮಹಾಲಿಂಗಪ್ಪನವರಿಗೆ ಬೆರಳು ತೋರಿಸಿ ಹೋಗುತ್ತಾರೆ. ಆ ಹೊತ್ತಿನಲ್ಲಿ ಮಹಾಲಿಂಗಪ್ಪನವರ ಜಾಗದಲ್ಲಿ ನಿಲ್ಲಲು ನನಗಂತೂ ಧೈರ್ಯವಿಲ್ಲ. ಒಬ್ಬಳೇ ಹೊರಟ ಮುದುಕಿಗೆ ದಾರಿಯಲ್ಲಿ ಏನಾದರೂ ಆದರೆ ಎಂದು ನಾನೇ ಅಂಜುತ್ತೇನೆ.

ಮೂರು ವಾರದ ನಂತರ, ನನ್ನ ಊರಿಗೆ ಮರಳಿದ ಮೇಲೆ, ಮಹಾಲಿಂಗಪ್ಪನವರಿಗೆ ಫೋನ್ ಮಾಡುತ್ತೇನೆ. ಅಜ್ಜಿ ಸುಖವಾಗಿ ಮುಟ್ಟಿದ್ದಾರೆಂದು ಪಕ್ಕದ ಮನೆಯವರು ತಿಳಿಸಿದ್ದಾರಂತೆ. ಆ ತೀರದಲ್ಲಿ ಈಗ ನಾಲ್ಕು ದಿನದಿಂದ ಬಿಡದೆ ಮಳೆಯಂತೆ. ಅಜ್ಜಿಯ ಫೋನ್ ಬಂತೇ ಎಂದು ಕೇಳುತ್ತೇನೆ.

“ಇಲ್ರೀ!” ಎನ್ನುತ್ತಾರೆ. ಇಷ್ಟು ಹಿಗ್ಗು ಅವರ ದನಿಯಲ್ಲಿ ನಾನು ಕೇಳಿರಲಿಲ್ಲ. “ಹೋದ ಸಲ ಮಳಿ ಬಂದ ಮರುದಿವಸ ಮುಂಜಾನೇನ ಮಾಡಿದ್ಲು. ಈ ಸಲ ನಾಕು ದಿನ ಆತು, ಒಂದು ಫೋನಿಲ್ಲ. ಅಜ್ಜಿ ನನ್ನ ಮರತು ಬೆಚ್ಚಗ ಮಲಗ್ಯಾಳ್ರೀ.”