ಅವ್ವ ಬಿಡಿಸಿದ ಕಣ್ಣುಗಳು

ಮಳವಳ್ಳಿ ಬಸ್ ಸ್ಟ್ಯಾಂಡಿನ ಹತ್ತಿರ ಸಂಜೆ ಹೊತ್ತು ಗೋಬಿ ಮಂಚೂರಿ ಗಾಡಿಯವನು ಕಾದ ಬಾಣಲೆಗೆ ವಿನಿಗರ್ ಸುರಿದರೆ ಸುತ್ತ ನಿಂತವರ ಬಾಯಲ್ಲಿ ನೀರೂರುತ್ತದೆ. ನನಗೆ ಮಾತ್ರ ನಮ್ಮವ್ವ ನೆನಪಾಗುತ್ತಾಳೆ. ನಗಬೇಡಿ. ಫೋಟೊ ತೊಳೆಯುವ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಆ ಹುಳಿ ವಾಸನೆ ತಿನ್ನೋ ವಾಸನೆಯೇ ಅಲ್ಲ. ನಮ್ಮ ಮನೆಯ ಬಚ್ಚಲೇ ಅಪ್ಪನ ಡಾರ್ಕ್ ರೂಮಾಗಿತ್ತು. ಹಂಡೆಯ ಪಕ್ಕ ಫೋಟೊ ತೊಳೆಯುವ ಹುಳಿ ವಾಸನೆಯ ಔಷಧಿಯ ಮೂರು ಟ್ರೇ, ಮೇಲೆ ಒಂದು ಕೆಂಪು ಬಲ್ಬು, ಕಿಟಕಿಗೆ ಕರಿ ಕಂಬಳಿ. ಅಪ್ಪ ಒಳಗೆ ಸೇರಿಕೊಂಡು ಚಿಲಕ ಹಾಕಿದನೆಂದರೆ ಮುಗಿಯಿತು, ಹಬ್ಬವೇ ಇರಲಿ, ನೆಂಟರೇ ಬಂದಿರಲಿ, ಅವನು ಬರುವವರೆಗೆ ಯಾರಿಗೂ ಸ್ನಾನವಿಲ್ಲ. ತೊಳೆದ ಫೋಟೊಗಳನ್ನು ಹಿತ್ತಲಿನ ಬಟ್ಟೆ ಹಗ್ಗಕ್ಕೇ ಕ್ಲಿಪ್ ಹಾಕಿ ನೇತುಹಾಕುತ್ತಿದ್ದರು. ನನ್ನ ಸ್ಕೂಲಿನ ಲಂಗದ ಪಕ್ಕ ಯಾರದೋ ಮದುವೆ ಗಂಡು ಹೆಣ್ಣು ಒಣಗುತ್ತಿದ್ದರು, ಅದರ ಪಕ್ಕ ಅಪ್ಪನ ಬನೀನು. ಆ ಮನೆ, ಆ ಹಿತ್ತಲು ಎಲ್ಲವೂ ಈಚೆಗೆ ರಸ್ತೆ ಅಗಲ ಮಾಡುವಾಗ ಹೋದವು. ಈಗ ನಮ್ಮ ಬಚ್ಚಲಿದ್ದ ಜಾಗದ ಮೇಲೆ ಮದ್ದೂರಿನ ಬಸ್ಸು ಓಡಾಡುತ್ತದೆ.

ಮನೆಯ ಮುಂದಿನ ಅಂಕಣವೇ ಸ್ಟುಡಿಯೊ. ಗೋಡೆ ತುಂಬ ಪರದೆ, ಅದರ ಮೇಲೆ ಬೋರ್ಡು ಬರೆಯುವವರೊಬ್ಬರು ಬರೆದುಕೊಟ್ಟ ಕೊಳ, ಮೆಟ್ಟಿಲು, ಎರಡು ಹಂಸ. ಒಂದು ಹಂಸ ದಪ್ಪಗೆ ಬಾತುಕೋಳಿಯ ಹಾಗಿತ್ತು. ಅದು ಕಾಣದಿರಲೆಂದು ಅಪ್ಪ ಯಾವಾಗಲೂ ಅದರ ಮುಂದೆಯೇ ಗಂಡಸರನ್ನು ನಿಲ್ಲಿಸುತ್ತಿದ್ದ. ಮೊಳೆಗೆ ಒಂದು ಕರಿ ಕೋಟು ನೇತಾಡುತ್ತಿತ್ತು. ಸಪೂರ ಇರುವವರಿಗೆ ಹಿಂದಿನಿಂದ ಬಟ್ಟೆ ಕ್ಲಿಪ್ ಹಾಕಿ ಬಿಗಿ ಮಾಡುವುದು, ದಪ್ಪ ಇರುವವರಿಗೆ ಬೆನ್ನ ಹಿಂದಿನ ಹೊಲಿಗೆ ಬಿಚ್ಚಿ ಅಗಲ ಮಾಡುವುದು. ಸುತ್ತಲ ಹಳ್ಳಿಗಳ ಎಷ್ಟೋ ಗಂಡುಗಳು ಅದೊಂದೇ ಕೋಟಿನಲ್ಲಿ ಫೋಟೊವಾಗಿ ಹೆಣ್ಣಿನ ಮನೆಯವರ ಕೈ ಸೇರಿದರು. ಕ್ಯಾಮೆರಾ ಮುಂದೆ ಕೂತು ಸೆಟೆದುಕೊಂಡವರಿಗೆ ಅಪ್ಪ, ಉಸಿರು ಬಿಡಿ, ನಾನು ಫೋಟೊ ತೆಗೀತಿರೋದು, ಸೂಜಿ ಚುಚ್ಚುತ್ತಿಲ್ಲ ಅನ್ನುತ್ತಿದ್ದ. ಅವರು ನಕ್ಕರೆ, ನಗಬೇಡಿ ಅಂತ ಗದರುತ್ತಿದ್ದ. ಅವನ ಸ್ವಭಾವವೇ ಹಾಗೆ, ಉಪ್ಪೂ ಅವನೇ ಹಾಕಬೇಕು, ಜಾಸ್ತಿ ಆಯಿತು ಅಂತಲೂ ಅವನೇ ಹೇಳಬೇಕು.

ಅವ್ವ ಮದ್ದೂರಿನ ಕಡೆಯವಳು, ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಮದುವೆಯಾಗಿ ಬಂದ ಹೊಸದರಲ್ಲಿ ಮನೆ ಮುಂದೆ ಅವಳು ಬಿಡುವ ರಂಗೋಲಿ ನೋಡಿ ಅಪ್ಪ ಅವಳ ಕೈಗೆ ಪೆನ್ಸಿಲು ಕೊಟ್ಟನಂತೆ. ಎಮರಿ ಕಾಗದದ ಮೇಲೆ ಸೀಸದ ತುದಿಯನ್ನು ಸೂಜಿಯಷ್ಟು ಚೂಪು ಮಾಡಿಕೊಂಡು, ನೆಗೆಟಿವನ್ನು ಬೆಳಕಿಗೆ ಹಿಡಿದು, ಸಿಡುಬಿನ ಕಲೆ, ಮೊಡವೆ, ಬಿಸಿಲಿಗೆ ಸುಟ್ಟ ಗುರುತು ಎಲ್ಲವನ್ನೂ ಅವಳು ಮೆಲ್ಲಗೆ ಅಳಿಸಿಬಿಡುತ್ತಿದ್ದಳು. ಒಲೆಯ ಮೇಲೆ ಸಾರು ಕುದಿಯುವಷ್ಟರಲ್ಲಿ ಒಬ್ಬಳಿಗೆ ಮದುವೆ ಕಳೆ ಬಂದಿರುತ್ತಿತ್ತು. ಆದರೆ ಅವಳ ದೊಡ್ಡ ಕೆಲಸ ಅದಲ್ಲ, ಸತ್ತವರ ಕಣ್ಣು ತೆರೆಸುವುದು. ಆಗ ಹಳ್ಳಿಗಳಲ್ಲಿ ಎಷ್ಟೋ ಜನ ಒಂದೂ ಫೋಟೊ ತೆಗೆಸಿಕೊಳ್ಳದೆ ಬದುಕಿ ಸಾಯುತ್ತಿದ್ದರು. ತಿಥಿಗೆ ಮಾತ್ರ ಫೋಟೊ ಬೇಕು, ಎಡೆ ಇಡುವುದು ಯಾರ ಮುಂದೆ? ಯಾರಾದರೂ ಬಂದು ಕರೆದರೆ ಅಪ್ಪ ಮೊಪೆಡ್ ಹತ್ತಿ ಹೋಗಿ, ಗೋಡೆಗೆ ಒರಗಿಸಿ ಕೂರಿಸಿದ ಹೆಣದ ಫೋಟೊ ತೆಗೆದು ತರುತ್ತಿದ್ದ. ಅದರ ಪ್ರಿಂಟಿನ ಮೇಲೆ ಅವ್ವ ತೆಳು ಕುಂಚದಲ್ಲಿ ರೆಪ್ಪೆ ಸರಿಸಿ ಕಣ್ಣು ಬರೆಯುತ್ತಿದ್ದಳು. ಕುಂಚದ ಗುರುತು ಕಾಣದ ಹಾಗೆ ಅಪ್ಪ ಅದನ್ನೇ ಮತ್ತೆ ಫೋಟೊ ತೆಗೆದು ಹೊಸ ಪ್ರಿಂಟ್ ಹಾಕುತ್ತಿದ್ದ. ಪಕ್ಕದ ಅಂಗಡಿಯ ರಹಮತ್ ಸಾಬರು ಅದಕ್ಕೆ ಕಟ್ಟು, ಗಾಜು ಹಾಕಿಕೊಡುತ್ತಿದ್ದರು. ನನಗಂತೂ ಹೆದರಿಕೆ ಅನ್ನುವುದೇ ಇರಲಿಲ್ಲ. ಸ್ಕೂಲಿನಿಂದ ಬಂದು ಅವ್ವನ ಪಕ್ಕ ಕೂತು, ಇವತ್ತು ಯಾರು ಎದ್ದರು ಅಂತ ಕೇಳುತ್ತಿದ್ದೆ.

ಆಮೇಲೆ ಬಂತು ನೋಡಿ ಕಲರ್. ಮಂಡ್ಯದಲ್ಲಿ ಲ್ಯಾಬು ಆಯಿತು, ರೋಲು ಕೊಟ್ಟು ಬಂದರೆ ಸಂಜೆಗೆ ಫೋಟೊ. ನಮ್ಮ ಬಚ್ಚಲಿಗೆ ಕೆಲಸವೇ ಇಲ್ಲ. ಕಲರ್ ನೆಗೆಟಿವ್ ಮೇಲೆ ಅವ್ವನ ಪೆನ್ಸಿಲು ನಡೆಯುವುದಿಲ್ಲ. ಕಪ್ಪು ಬಿಳುಪಿನ ಕಾಗದ ತರಿಸಬೇಕೆಂದರೆ ಅಪ್ಪ ಮೈಸೂರಿನ ತನಕ ಅಲೆಯಬೇಕು. ಮದುವೆಗಳಿಗೆ ಮಂಡ್ಯದಿಂದಲೇ ವಿಡಿಯೊದವರು ಬಂದು, ನಮ್ಮೂರಿನ ಮದುವೆಯಲ್ಲಿ ನಮ್ಮಪ್ಪನ ಕಣ್ಣಿಗೇ ಲೈಟು ಬಿಟ್ಟರು. ಅಪ್ಪ ಸುಮ್ಮನೆ ಕೂರುವವನಲ್ಲ. ಶನಿವಾರ ಶನಿವಾರ ಮುತ್ತತ್ತಿಗೆ ಹೋಗಿ, ಆಂಜನೇಯನ ದರ್ಶನ ಮುಗಿಸಿ ಹೊಳೆಗೆ ಇಳಿಯುವವರ ಫೋಟೊ ತೆಗೆದು ನೋಡಿದ. ಒದ್ದೆ ಬಟ್ಟೆಯಲ್ಲಿ ನಗುತ್ತ ನಿಲ್ಲುತ್ತಿದ್ದರು, ವಿಳಾಸ ಬರೆಸುತ್ತಿದ್ದರು, ಅಪ್ಪ ಫೋಟೊ ಅಂಚೆಗೆ ಹಾಕಿದ ಮೇಲೆ ದುಡ್ಡು ಕಳಿಸಲು ಮರೆಯುತ್ತಿದ್ದರು. ಕೊನೆಗೆ ಗೆಜ್ಜಲಗೆರೆಯ ಒಂದು ಫ್ಯಾಕ್ಟರಿಯಲ್ಲಿ ಯಾರೋ ಪರಿಚಯದವರು ಕೆಲಸಕ್ಕೆ ಹೇಳಿದರು. ಯುಗಾದಿ ಕಳೆದ ಮೇಲೆ ಶಟರ್ ಎಳೆದುಬಿಡೋಣ, ಫೋಟೊ ದೊಡ್ಡದು ಮಾಡುವ ಎನ್ಲಾರ್ಜರ್ ಮಾರಿ ಮುಂದಿನ ಅಂಕಣವನ್ನು ರಹಮತ್ ಸಾಬರಿಗೆ ಬಾಡಿಗೆಗೆ ಕೊಡೋಣ ಅಂತ ಅಪ್ಪ ಊಟಕ್ಕೆ ಕೂತಾಗ ಹೇಳಿದ. ಅವ್ವ ಮುದ್ದೆಗೆ ಸಾರು ಬಿಡುತ್ತಿದ್ದವಳು ಬಿಡುತ್ತಲೇ ಇದ್ದಳು, ತಟ್ಟೆ ತುಂಬಿ ನೆಲಕ್ಕೆ ಹರಿಯಿತು. ಆವತ್ತಿನಿಂದ ಅವಳು ಕುಂಚಗಳನ್ನು ದಿನಾ ತೊಳೆದು ದಿನಾ ಒಣಗಿಸುತ್ತಿದ್ದಳು, ಬಳಸಿದ್ದೇ ಇಲ್ಲ.

ಆ ದಿನಗಳಲ್ಲೇ ಬಂಡೂರಿನ ಕೆಂಪಮ್ಮ ಬಂದಿದ್ದು. ಅವಳ ಗಂಡ ಕುರಿ ಸಾಕಿಕೊಂಡಿದ್ದವರು, ಹಿಂದಿನ ತಿಂಗಳು ತೀರಿಕೊಂಡಿದ್ದರು. ಅವರ ಫೋಟೊ ನಾವೇ ಮಾಡಿಕೊಟ್ಟಿದ್ದು, ಅವ್ವನ ಕೈಗೆ ಸಿಕ್ಕಿದ್ದ ಕೊನೆಯ ಕೆಲಸ ಅದೇ ಇರಬೇಕು. ಕೆಂಪಮ್ಮ ಕಟ್ಟು ಹಾಕಿದ್ದ ಆ ಫೋಟೊವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದಳು. ಅಪ್ಪ ಗಾಜು ಒಡೆದಿದೆ ಅಂದುಕೊಂಡು ಪಕ್ಕದ ಅಂಗಡಿ ತೋರಿಸಿದ. ಅವಳು ಅಪ್ಪನನ್ನು ದಾಟಿ ಸೀದಾ ಒಳಗೆ ಬಂದು ಅವ್ವನ ಮುಂದೆ ಕೂತಳು.

"ಯಾರ ಕಣ್ಣವ್ವ ಇವು?" ಅಂದಳು. "ಬೋ ಚೆಂದಾಗವೆ, ಇಲ್ಲ ಅನ್ನಕಿಲ್ಲ. ಆದ್ರೆ ನಮ್ಮೆಜಮಾನಂದಲ್ಲ. ಯಾವನೋ ಗಂಡ್ಸು ಗ್ವಾಡೆ ಮ್ಯಾಲಿಂದ ನೋಡ್ತಾ ಕುಂತವ್ನೆ. ಸೀರೆ ಬದಲಾಯಿಸಕ್ಕೂ ನಂಗೆ ನಾಚ್ಕೆ ಆಯ್ತದೆ."

ನನಗೆ ನಗು ತಡೆಯಲಾಗಲಿಲ್ಲ, ಅವ್ವ ನಗಲಿಲ್ಲ. ಫೋಟೊ ಇಸಕೊಂಡು ತುಂಬ ಹೊತ್ತು ನೋಡಿದಳು. ಆ ಕಣ್ಣುಗಳು ಯಾರವು ಅಂತ ಅವಳಿಗೆ ಆಗ ಹೊಳೆಯಿತು. ಮದ್ದೂರಿನಲ್ಲಿದ್ದ ಅವಳ ಅಣ್ಣನವು, ನನ್ನ ಸೋದರಮಾವನವು. ಬದುಕಿದ್ದಾಗ ಕಾಣದವರಿಗೆ ಕಣ್ಣು ಬರೆಯುವಾಗ ಅವಳ ಕೈ ತನಗೇ ಗೊತ್ತಿಲ್ಲದ ಹಾಗೆ ತಾನು ಕಂಡ ಚೆಂದದ ಕಣ್ಣುಗಳನ್ನೇ ಬರೆದುಕೊಂಡು ಬಂದಿತ್ತು. ತಾಲ್ಲೂಕಿನ ಎಷ್ಟು ಗೋಡೆಗಳ ಮೇಲೆ ನಮ್ಮ ಮಾವ ಹೂವಿನ ಹಾರ ಹಾಕಿಕೊಂಡು ಕೂತಿದ್ದನೋ ಶಿವನೇ ಬಲ್ಲ, ಪಾಪ ಅವನಿನ್ನೂ ಗಟ್ಟಿಮುಟ್ಟಾಗಿ ಬೆಲ್ಲದ ಮಂಡಿಯಲ್ಲಿ ಕೂತಿದ್ದ. ಕೆಂಪಮ್ಮನ ಗಂಡನಿಗೆ ಮೆಳ್ಳೆಗಣ್ಣಂತೆ. ಮನೆಗೆ ಬೀಗರು ಬರುವವರು, ನೋಡಿದವರು ಏನಂದುಕೊಂಡಾರು ಅಂತ ಅವಳ ಮಕ್ಕಳು ಅದನ್ನು ನಮ್ಮಪ್ಪನಿಗೆ ಹೇಳಿಯೇ ಇರಲಿಲ್ಲ. ಈಗಲೂ ಬೇಡವೆಂದೇ ಅವಳನ್ನು ತಡೆದರಂತೆ. ಅವಳು ಮಾತ್ರ, ಬಾಳ್ವೆ ಮಾಡಿದ್ದು ನಾನು, ನಿಮ್ಮ ಬೀಗರಲ್ಲ ಅಂತ ಬಸ್ಸು ಹತ್ತಿ ಬಂದಿದ್ದಳು.

ಅವ್ವ ಗೋಡೆಗೆ ಒರಗಿದ್ದ ಮಣೆ ತೆಗೆದು ಪಕ್ಕಕ್ಕೆ ಹಾಕಿ ಕೆಂಪಮ್ಮನನ್ನು ಕೂರಿಸಿಕೊಂಡಳು. ಕಾಫಿ ಕೊಟ್ಟಳು. ಅವರು ಹೇಗಿದ್ದರು, ಕೋಪ ಬಂದರೆ ಹೇಗೆ ನೋಡುತ್ತಿದ್ದರು, ಕುರಿಗಳನ್ನು ಕರೆಯುವಾಗ ಹುಬ್ಬು ಏರುತ್ತಿತ್ತಾ ಅಂತ ಒಂದೊಂದೇ ಕೇಳಿದಳು. ಕೆಂಪಮ್ಮ ಮೊದಮೊದಲು ಒಂದೊಂದು ಮಾತಿನಲ್ಲಿ ಹೇಳುತ್ತಿದ್ದವಳು ಆಮೇಲೆ ಬಾಯಿ ತುಂಬ ಹೇಳತೊಡಗಿದಳು. ತನ್ನನ್ನು ನೋಡುತ್ತಿದ್ದಾರೋ ಕುರಿಮಂದೆ ನೋಡುತ್ತಿದ್ದಾರೋ ಮದುವೆಯಾಗಿ ಒಂದು ವರ್ಷ ತನಗೆ ಗೊತ್ತಾಗಲಿಲ್ಲ, ಗೊತ್ತಾದ ಮೇಲೆ ಎಷ್ಟು ಜನರ ನಡುವೆ ಇದ್ದರೂ ತನ್ನನ್ನು ನೋಡಿದ್ದು ತನಗೊಬ್ಬಳಿಗೇ ತಿಳಿಯುತ್ತಿತ್ತು ಅಂದಳು. ಅಪ್ಪ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಅವ್ವ ತಾನು ಕುಂಚದಲ್ಲಿ ಬರೆದಿದ್ದ ಹಳೆಯ ಪ್ರಿಂಟಿನ ಮೇಲೆ ಬ್ಲೇಡಿನ ಮೂಲೆಯಿಂದ ನಮ್ಮ ಮಾವನನ್ನು ಕೆರೆದು ತೆಗೆದು ಹೊಸದಾಗಿ ಬರೆಯಲು ಶುರು ಮಾಡಿದಳು. ವಸಿ ಆಚೆಗೆ, ಇನ್ನೂ ವಸಿ, ಅಷ್ಟೊಂದು ಬ್ಯಾಡ ಅಂತ ಕೆಂಪಮ್ಮ ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ಒಂದು ಗಳಿಗೆಯಲ್ಲಿ, ಫೋಟೊ ನೋಡುತ್ತಲೇ, ಜಾರಿದ್ದ ಸೆರಗನ್ನು ಎಳೆದು ತಲೆಯ ಮೇಲೆ ಹೊದ್ದುಕೊಂಡಳು. ಅವ್ವ ಕುಂಚ ಕೆಳಗಿಟ್ಟಳು.

ಕೆಂಪಮ್ಮ ಆಮೇಲೆ ಸುಮ್ಮನಿರಲಿಲ್ಲ. ಸಂತೆಯಲ್ಲಿ, ಬಸ್ಸಿನಲ್ಲಿ, ತವರಿನಲ್ಲಿ, ಹೋದಲ್ಲೆಲ್ಲ ಹೇಳಿದಳು. ಮೊದಲು ಬಂದವರು ಹಳೆಯ ಗಿರಾಕಿಗಳೇ, ನಮ್ಮ ಮಾವನನ್ನು ಗೋಡೆಯ ಮೇಲಿಟ್ಟುಕೊಂಡಿದ್ದವರು. ಒಬ್ಬರು ನಮ್ಮವ್ವನ ಕಣ್ಣು ಇನ್ನೂ ಸಣ್ಣವು ಅಂದರೆ, ಇನ್ನೊಬ್ಬರು ನಮ್ಮ ತಾತ ಒಂದು ಕಣ್ಣು ಕಿರಿದು ಮಾಡಿ ನೋಡ್ತಿದ್ದ ಅನ್ನುತ್ತಿದ್ದರು. ಅಷ್ಟು ದಿನ ಯಾರೂ ತುಟಿ ಬಿಚ್ಚಿರಲಿಲ್ಲವಲ್ಲ ಅಂತ ಅಪ್ಪ ತಲೆ ಚಚ್ಚಿಕೊಂಡ. ಆಮೇಲೆ ಹೊಸಬರು ಬಂದರು, ಮದ್ದೂರಿನಿಂದ, ಮಂಡ್ಯದಿಂದಲೂ ಬಂದರು. ಗೆದ್ದಲು ತಿಂದ ಫೋಟೊ, ನೀರು ಕುಡಿದ ಫೋಟೊ, ಗುಂಪಿನಲ್ಲಿ ಹಿಂದೆ ನಿಂತು ಅರ್ಧ ಮುಖ ಕಾಣುವ ಅಜ್ಜಿ. ಯಾರೇ ಬರಲಿ ಅವ್ವ ಮಣೆ ಹಾಕಿ ಕೂರಿಸಿ ಮೊದಲು ಮಾತಾಡಿಸುತ್ತಿದ್ದಳು. ಯುಗಾದಿ ಬಂತು, ಹೋಯಿತು. ಗೆಜ್ಜಲಗೆರೆಯ ಮಾತೆತ್ತಿದರೆ ಅಪ್ಪ, ಇಷ್ಟು ಕೆಲಸ ಬಿಟ್ಟು ಎಲ್ಲಿಗೆ ಹೋಗಲಿ ಅಂತ ನಮ್ಮ ಮೇಲೇ ರೇಗುತ್ತಿದ್ದ, ಹೋಗು ಅಂತ ನಾವು ಅಂದ ಹಾಗೆ. ಎನ್ಲಾರ್ಜರ್ ನೋಡಿಕೊಂಡು ಹೋಗಲು ಬಂದವನಿಗೆ ಟೀ ಕೊಡಿಸಿ ಕಳಿಸಿದ. ಆ ವರ್ಷಗಳಷ್ಟು ಸುಖದ ವರ್ಷಗಳು ನಮ್ಮ ಮನೆಯಲ್ಲಿ ಮುಂಚೆಯೂ ಇರಲಿಲ್ಲ, ಆಮೇಲೂ ಬರಲಿಲ್ಲ. ಕಂಪ್ಯೂಟರ್ ಬಂದಾಗ ನಾನು ಕಲಿತೆ. ಅವ್ವ ನನ್ನ ಪಕ್ಕ ಕೂತು, ಕೆಂಪಮ್ಮನ ಹಾಗೆಯೇ, ವಸಿ ಆಚೆಗೆ ಮಗ, ಇನ್ನೂ ವಸಿ ಅನ್ನುತ್ತಿದ್ದಳು. ಮೌಸ್ ಮುಟ್ಟಲು ಮಾತ್ರ ಒಪ್ಪಲಿಲ್ಲ, ಇಲಿ ಹೆಸರಿಟ್ಟುಕೊಂಡ ವಸ್ತು ನಂಗೆ ಬ್ಯಾಡ ಅಂತ.

ಅಪ್ಪ ತೀರಿಹೋಗಿದ್ದು ಒಂದು ಬೆಳಗ್ಗೆ, ಸ್ಟುಡಿಯೊದ ಕಸ ಗುಡಿಸುತ್ತ. ರಹಮತ್ ಸಾಬರೇ ಓಡಿ ಬಂದು ಹಿಡಿದುಕೊಂಡರು. ಶಟರ್ ಎಳೆದೆವು. ಬಂದ ನೆಂಟರೆಲ್ಲ ಸಮಾಧಾನದ ಜೊತೆಗೆ ಬುದ್ಧಿಯನ್ನೂ ಹೇಳಿದರು. ಈಗ ಎಲ್ಲರ ಜೇಬಲ್ಲೂ ಕ್ಯಾಮೆರಾ ಇದೆ, ಯಜಮಾನನೇ ಹೋದ ಮೇಲೆ ಹೆಂಗಸರಿಬ್ಬರು ಈ ಅಂಗಡಿ ಇಟ್ಟುಕೊಂಡು ಏನು ಮಾಡ್ತೀರಿ, ಬಾಡಿಗೆಗೆ ಕೊಟ್ಟು ಹಾಯಾಗಿರಿ. ಅವ್ವ ಎಲ್ಲದಕ್ಕೂ ತಲೆ ಆಡಿಸುತ್ತಿದ್ದಳು. ಅವಳ ಕಣ್ಣಲ್ಲಿ ಒಂದು ಹನಿ ನೀರೂ ಬಂದಿರಲಿಲ್ಲ, ಅದೇ ನನಗೆ ದಿಗಿಲಾಗಿತ್ತು. ಮುಗಿಯಿತು, ಈ ಸಲ ಶಟರ್ ಎಳೆದಿದ್ದು ಎಳೆದ ಹಾಗೇ ಅಂತ ನಾನೂ ಅಂದುಕೊಂಡೆ.

ತಿಥಿಗೆ ಇನ್ನೂ ಎರಡು ಮೂರು ದಿನ ಇರುವಾಗ ಹಲಗೂರಿನ ಕಡೆಯ ಒಬ್ಬ ಹುಡುಗ ಬಂದ. ಕೈಯಲ್ಲಿ ಅವನ ಅಜ್ಜಿಯ ಆಧಾರ್ ಕಾರ್ಡು. ಇದ್ದ ಫೋಟೊ ಅದೊಂದೇ, ಅದರಲ್ಲೂ ಅಜ್ಜಿ ಕಣ್ಣು ಮುಚ್ಚಿದ್ದಳು. ಮನೆ ಮುಂದೆ ಹಾಕಿದ್ದ ಶಾಮಿಯಾನ, ಕೂತಿದ್ದ ಜನ ನೋಡಿ ಅವನು ವಾಪಸ್ಸು ತಿರುಗಿದ. ಒಳಗಿಂದ ಅದು ಅವ್ವನಿಗೆ ಕಂಡಿತು. ಅವನನ್ನು ಕೂಗಿ ಕರೆದು, ತಿಥಿ ಯಾವತ್ತಪ್ಪ ಅಂತ ಕೇಳಿದಳು. ನಾಳಿದ್ದು ಅಂದ. ಅವ್ವ ಎದ್ದು, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಮೊಳೆಯಿಂದ ಬೀಗದ ಕೈ ತೆಗೆದಳು. ಅಪ್ಪನ ಅಕ್ಕ ಬಾಗಿಲಿಗೆ ಅಡ್ಡ ಬಂದು, ಸೂತಕದಲ್ಲಿ ಅಂಗಡಿ ಬಾಗಿಲು ತೆಗೆಯೋದುಂಟಾ, ಜನ ಏನಂತಾರೆ ಅಂದರು.

"ಅವ್ರ ಮನೇಲೂ ಸೂತಕವೇ ಕಣಕ್ಕ," ಅಂದಳು ಅವ್ವ. "ಸೂತಕಕ್ಕೆ ಸೂತಕ ಸರಿಹೋಯ್ತು, ಬುಡಿ."

ಶಟರ್ ಎತ್ತಿದ ಸದ್ದಿಗೆ ರಹಮತ್ ಸಾಬರು ಪಕ್ಕದಿಂದ ಹೊರಗೆ ಬಂದು ನಿಂತರು. ನಾನು ಕಂಪ್ಯೂಟರ್ ಮುಂದೆ ಕೂತೆ, ಅವ್ವ ಹುಡುಗನಿಗೆ ಸ್ಟೂಲು ಎಳೆದುಕೊಟ್ಟು, ನಿಮ್ಮಜ್ಜಿ ನಿನ್ನನ್ನ ಹೇಗೆ ನೋಡೋಳು ಹೇಳು ಮಗ ಅಂದಳು. ಅವನು ಹೇಳಲು ಹೋಗಿ ಅತ್ತುಬಿಟ್ಟ. ಅವನ ತಲೆ ಸವರುತ್ತ ಅವ್ವನೂ ಅತ್ತಳು. ಅಪ್ಪ ಹೋದ ಮೇಲೆ ಅವಳು ಅತ್ತಿದ್ದು ಅದೇ ಮೊದಲು, ಗಟ್ಟಿಯಾಗಿ, ಮೂಗು ಸೀಟಿಕೊಂಡು. ನನಗೆ ಆಗ ಜೀವ ಬಂದ ಹಾಗಾಯಿತು. ಆಮೇಲೆ ಮೂವರೂ ಕೂತು ಅಜ್ಜಿಯ ಕಣ್ಣು ಬರೆದೆವು. ಮಾರನೆಯ ದಿನ ಇನ್ನೊಬ್ಬರು ಬಂದರು, ಆಮೇಲೆ ಮತ್ತೊಬ್ಬರು, ಆ ಮನೆ ರಸ್ತೆಗೆ ಹೋಗುವ ತನಕ ಶಟರ್ ಮತ್ತೆ ಇಳಿಯಲೇ ಇಲ್ಲ. ಈ ಗಡಿಬಿಡಿಯಲ್ಲಿ ಎಡೆಗೆ ಇಡಬೇಕಿದ್ದ ಅಪ್ಪನ ಫೋಟೊದ ಕೆಲಸ ಹಿಂದೆ ಬಿತ್ತು. ತಿಥಿಯ ದಿನ ಎಡೆ ಹಾಕುವ ಹೊತ್ತಿಗೆ ರಹಮತ್ ಸಾಬರು ಓಡೋಡಿ ತಂದುಕೊಟ್ಟರು, ಕಟ್ಟಿನ ಗೋಂದು ಇನ್ನೂ ಹಸಿ. ನೆಂಟರು ಮುಖ ಮುಖ ನೋಡಿಕೊಂಡರು. ಅವ್ವ ಅದನ್ನು ಎಡೆಯ ಮುಂದಿಟ್ಟು, ಸೆರಗಿನ ತುದಿಯಿಂದ ಗಾಜು ಒರೆಸಿ, ಮೆಲ್ಲಗೆ, "ಗಿರಾಕಿಗಳು ಕಾಯ್ತಿದ್ರು ಕಣ್ರೀ, ಅದ್ಕೇ ನಿಮ್ದು ವಸಿ ತಡವಾಯ್ತು" ಅಂದಳು.