ಮಾತ್ರೆಗಳ ಜಗಳ ಬಿಡಿಸುತ್ತಿದ್ದ ಶಿವಲೀಲಾ

ಶಿವಲೀಲಾ ರೋಗಿಗಳ ಮಂಚದ ಮೇಲೇ ಕೂತುಬಿಡುತ್ತಿದ್ದಳು. ಬಸವನಗುಡಿಯ ನಮ್ಮ ಆಸ್ಪತ್ರೆಯಲ್ಲಿ ಹಾಗೆ ಕೂರುವ ರೂಢಿಯೇ ಇರಲಿಲ್ಲ. ಡಾಕ್ಟರುಗಳು ನಿಂತೇ ಮಾತಾಡುತ್ತಿದ್ದರು. ವಾರ್ಡಿನ ನರ್ಸುಗಳಾದ ನಮಗೆ ಕೂರಲು ಪುರುಸೊತ್ತಿರುತ್ತಿರಲಿಲ್ಲ. ಇವಳು ಮಾತ್ರ ಬಿಳಿ ಕೋಟನ್ನು ಪಕ್ಕಕ್ಕೆ ಸರಿಸಿ, ರೋಗಿಯ ಕಾಲ ಬಳಿ ಆರಾಮಾಗಿ ಕೂತು, "ಮನೆಯಿಂದ ತಂದಿರೋ ಮಾತ್ರೆ ಎಲ್ಲಾ ಸುರೀರಿ, ನೋಡೋಣ" ಎನ್ನುತ್ತಿದ್ದಳು. ಪ್ಲಾಸ್ಟಿಕ್ ಕವರಿನಿಂದ, ಬಿಸ್ಕತ್ತಿನ ಡಬ್ಬಿಯಿಂದ, ಸೆರಗಿನ ಗಂಟಿನಿಂದ ಹಾಸಿಗೆಯ ಮೇಲೆ ಬೀಳುತ್ತಿದ್ದ ಆ ರಾಶಿಯನ್ನು ಅವಳು ಅಕ್ಕಿ ಆರಿಸುವವಳ ಹಾಗೆ ಬೆರಳಿನಿಂದ ಬೇರೆ ಬೇರೆ ಮಾಡುತ್ತಿದ್ದಳು.

ಅವಳ ಹುದ್ದೆಯ ಹೆಸರು ಕ್ಲಿನಿಕಲ್ ಫಾರ್ಮಸಿಸ್ಟ್. ಹಾಗಂದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. "ಮೆಡಿಕಲ್ ಶಾಪ್‌ನೋರಾ ಮಗಾ?" ಎಂದು ಅಜ್ಜಿಯರು ಕೇಳುತ್ತಿದ್ದರು. "ಅಂಗಡಿ ಅಲ್ಲಜ್ಜಿ. ನಿಮ್ಮ ಹೊಟ್ಟೆಯೊಳಗೆ ಈ ಮಾತ್ರೆಗಳು ಜಗಳ ಆಡ್ತವಲ್ಲ, ಅದನ್ನ ಬಿಡಿಸೋಳು" ಎನ್ನುತ್ತಿದ್ದಳು. ಯಾವ ಔಷಧಿ ಯಾವುದರ ಜೊತೆ ಹೊಂದುವುದಿಲ್ಲ, ಕಿಡ್ನಿ ಸೋತವರಿಗೆ ಯಾವುದನ್ನು ಎಷ್ಟು ಕಡಿಮೆ ಮಾಡಬೇಕು ಎಂದು ನೋಡಿ ಡಾಕ್ಟರಿಗೆ ಹೇಳುವುದೇ ಅವಳ ಕೆಲಸ. ನಮ್ಮ ಫಿಜಿಷಿಯನ್ ಡಾ. ಮಂಜುನಾಥ್ ಬೆಳಗಿನ ರೌಂಡ್ಸ್‌ನಲ್ಲಿ ಪ್ರತಿ ಮಂಚದ ಹತ್ತಿರವೂ ಪರೀಕ್ಷೆ ಮುಗಿಸಿ, ಅವಳ ಕಡೆ ತಿರುಗಿ "ಶಿವಲೀಲಾ, ಏನಂತೀರಿ?" ಎಂದು ಕೇಳುತ್ತಿದ್ದರು. ಕೇಳದೆ ಪೆನ್ನು ಮುಚ್ಚುತ್ತಿರಲಿಲ್ಲ.

ಒಮ್ಮೆ ಗವಿಪುರದಿಂದ ನರಸಮ್ಮ ಎಂಬ ಹೂವಿನ ವ್ಯಾಪಾರದಾಕೆ ಬಂದಿದ್ದರು. ಹೃದಯದ ಕವಾಟದ ಆಪರೇಷನ್ ಆಗಿ, ರಕ್ತ ತೆಳುವಾಗಿಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದವರು. ಹೊಟ್ಟೆಯೊಳಗೆ ರಕ್ತ ಸೋರಿ ಸುಣ್ಣದಂತೆ ಬಿಳುಚಿದ್ದರು. ಬೇರೆ ಏನಾದರೂ ಔಷಧಿ ತೆಗೆದುಕೊಳ್ಳುತ್ತೀರಾ ಎಂದು ಡಾಕ್ಟರು ಕೇಳಿದರೆ ಇಲ್ಲ ಎಂದರು. ನಾನು ಕೇಳಿದಾಗಲೂ ಅದೇ ಉತ್ತರ. ಶಿವಲೀಲಾ ಔಷಧಿಯ ಸುದ್ದಿಯನ್ನೇ ಎತ್ತಲಿಲ್ಲ. ಮಂಚದ ಮೇಲೆ ಕೂತು ಮಲ್ಲಿಗೆಯ ದರ ಕೇಳಿದಳು. ಆಮೇಲೆ, "ದಿನಾ ಕುಕ್ಕರಗಾಲಲ್ಲಿ ಕೂತು ಹೂವು ಕಟ್ತೀರಲ್ಲ ಅಮ್ಮ, ಮಂಡಿ ಹಿಡ್ಕೊಳಲ್ವಾ?" ಎಂದಳು.

"ಅಯ್ಯೋ, ಜೀವ ಹೋಗುತ್ತೆ ಕಣವ್ವ. ಪಕ್ಕದ್ಮನೆ ಕಮಲಮ್ಮ ಒಂದು ಮಾತ್ರೆ ಕೊಡ್ತಾಳೆ, ನುಂಗಿದ್ರೆ ಒಂದು ಗಳಿಗೇಲಿ ನೋವು ಮಾಯ."

"ಡಾಕ್ಟ್ರು ಕೇಳ್ದಾಗ ಹೇಳಲಿಲ್ವಲ್ಲಮ್ಮ!"

"ಅವರು ಔಷಧಿ ಕೇಳಿದ್ರು. ಇದು ನೋವಿನ ಮಾತ್ರೆ ತಾನೆ?"

ಆ ನೋವಿನ ಮಾತ್ರೆಯೂ ರಕ್ತದ ಮಾತ್ರೆಯೂ ಕೂಡಿಯೇ ಹೊಟ್ಟೆಯನ್ನು ಹಾಗೆ ಮಾಡಿದ್ದವು. ಅವತ್ತು ಸಂಜೆ ಶಿವಲೀಲಾ ಕಮಲಮ್ಮನಿಗೇ ಫೋನು ಮಾಡಿ ಮಾತಾಡಿದಳು. ಗದರಲಿಲ್ಲ, "ನಿಮ್ಮದು ಒಳ್ಳೇ ಮನಸ್ಸು, ಆದ್ರೆ ನಿಮ್ಮ ಮಾತ್ರೆ ನಿಮಗೇ ಇರಲಿ" ಎಂದಳು. ನರಸಮ್ಮ ಚೇತರಿಸಿಕೊಂಡು ಮನೆಗೆ ಹೋದರು.

ಚಾಮರಾಜಪೇಟೆಯಲ್ಲಿ ಅವಳ ಮನೆ. ಅಪ್ಪನಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿಯಿತ್ತು. ಅವರು ತೀರಿಕೊಂಡ ಮೇಲೆ ಅಮ್ಮ ಗೌರಮ್ಮ, ಮಗಳು ಇಬ್ಬರೇ. ಎನ್.ಆರ್. ಕಾಲೋನಿಯ ನನ್ನ ಮನೆಗೂ ಹಬ್ಬಕ್ಕೆ ಬರುತ್ತಿದ್ದಳು. ನನಗಿಂತ ಚಿಕ್ಕವಳು, ಪದ್ಮಕ್ಕ ಎಂದು ಕರೆಯುತ್ತಿದ್ದಳು. ಹೋಳಿಗೆ ತಿನ್ನಲು ಕೂತರೆ ಲೆಕ್ಕ ಇಡುತ್ತಿರಲಿಲ್ಲ. ಹೋದ ವರ್ಷ ಯುಗಾದಿಗೆ ಬಂದವಳು ಅರ್ಧ ಹೋಳಿಗೆಗೇ ಎಲೆ ಮಡಿಚಿದಳು. "ಯಾಕೆ ಲೀಲಾ?" ಎಂದರೆ "ಗ್ಯಾಸ್ಟ್ರಿಕ್ ಕಣಕ್ಕ" ಎಂದಳು. ನಾನೂ ನಂಬಿದೆ. ಆಮೇಲೆ ಬೆನ್ನಿಗೆ ನೋವು ಇಳಿಯಿತು, ಕಣ್ಣು ಹಳದಿಯಾಯಿತು. ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಲಿವರಿಗೂ ಹಬ್ಬಿತ್ತು. ಕೀಮೋ ಶುರು ಮಾಡಿದರು, ದೇಹ ತಡೆಯಲಿಲ್ಲ. ಕೊನೆಗೆ ನಮ್ಮ ವಾರ್ಡಿಗೇ, ಕಿಟಕಿ ಪಕ್ಕದ ಮಂಚಕ್ಕೆ ಬಂದಳು.

ಮರುದಿನದ ರೌಂಡ್ಸ್‌ನಲ್ಲಿ ಡಾ. ಮಂಜುನಾಥ್ ಅವಳನ್ನು ಪರೀಕ್ಷೆ ಮಾಡಿದರು. ಹೊಟ್ಟೆ ಮುಟ್ಟಿ ನೋಡಿದರು, ಚಾರ್ಟ್ ತಿರುವಿದರು. ಆಮೇಲೆ ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿ, "ಶಿವಲೀಲಾ, ಏನಂತೀರಿ?" ಎಂದುಬಿಟ್ಟರು. ಪಕ್ಕದಲ್ಲಿ ಯಾರೂ ಇರಲಿಲ್ಲ. ನಾನು ಟ್ರೇ ಹಿಡಿದು ಹಾಗೇ ನಿಂತೆ. ಡಾಕ್ಟರ ಮುಖ ಕಪ್ಪಿಟ್ಟಿತು.

ಮಂಚದಿಂದಲೇ ಅವಳು ಉತ್ತರ ಕೊಟ್ಟಳು. "ಕೊಲೆಸ್ಟ್ರಾಲ್ ಮಾತ್ರೆ ನಿಲ್ಲಿಸಿಬಿಡಿ ಸರ್. ಹತ್ತು ವರ್ಷ ಆದ್ಮೇಲೆ ಬರಬಹುದಾದ ಹಾರ್ಟ್ ಅಟ್ಯಾಕ್‌ಗೆ ಈಗ್ಯಾಕೆ ಮಾತ್ರೆ? ವಿಟಮಿನ್ನೂ ಬೇಡ, ನುಂಗೋಕ್ಕೆ ಆಗ್ತಿಲ್ಲ. ಮಾರ್ಫಿನ್ ಸ್ವಲ್ಪ ಜಾಸ್ತಿ ಮಾಡಿ. ಅದರ ಜೊತೆ ಮಲಬದ್ಧತೆಗೆ ಏನಾದ್ರೂ ಬರೀರಿ, ಮರೀಬೇಡಿ."

ಅವಳು ಹೇಳಿದ್ದನ್ನೆಲ್ಲ ಡಾಕ್ಟರು ಬರೆದರು. "ಸರಿಯಾಗಿದೆಯಾ?" ಎಂದು ಚಾರ್ಟನ್ನು ಅವಳ ಮುಂದೆ ಹಿಡಿದರು. ಅವಳು ಓದಿ, ತಲೆಯಾಡಿಸಿದಳು. ಅವರು ಪಕ್ಕದ ಮಂಚಕ್ಕೆ ಹೋಗದೆ ನೆಟ್ಟಗೆ ಹೊರಗೆ ನಡೆದುಹೋದರು.

ಮಧ್ಯಾಹ್ನ ಗೌರಮ್ಮ ಗಂಜಿ ತಂದರು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಔಷಧಿಯ ಬಟ್ಟಲನ್ನು ನೋಡಿ ಅವರ ಮುಖ ಅರಳಿತು. "ಮಾತ್ರೆ ಕಮ್ಮಿ ಮಾಡಿದಾರಲ್ಲ ಪದ್ಮಾ! ಹುಷಾರಾಗ್ತಿದಾಳೆ ಅಲ್ವಾ?" ಎಂದು ನನ್ನ ಕೈ ಹಿಡಿದುಕೊಂಡರು. ನಾನು ಇನ್ನೊಂದು ಕೈಯಿಂದ ಗಂಜಿಯ ಪಾತ್ರೆ ಇಸಿದುಕೊಂಡೆ. ಶಿವಲೀಲಾ ಕಣ್ಣು ಮುಚ್ಚಿಕೊಂಡಳು.

ಅವಳು ಮನೆಗೆ ಹೋಗಬೇಕೆಂದಳು, ಕಳಿಸಿದೆವು. ರಜೆಯ ದಿನ ನೋಡಲು ಹೋದಾಗ ಗೌರಮ್ಮ ಲಿಂಗಪೂಜೆ ಮುಗಿಸಿ ಎದ್ದಿದ್ದರು. ಶಿವಲೀಲಾ ನಡುಮನೆಯಲ್ಲಿ ಮಲಗಿದ್ದಳು. ಎಷ್ಟು ಸಣ್ಣಗಾಗಿದ್ದಳೆಂದರೆ ಹೊದಿಕೆಯ ಕೆಳಗೆ ಮನುಷ್ಯರಿದ್ದಾರೆ ಎನಿಸುತ್ತಿರಲಿಲ್ಲ.

"ಅಮ್ಮ, ಬಾ ಇಲ್ಲಿ. ಪದ್ಮಕ್ಕನೂ ಇದಾಳೆ, ಕೂತ್ಕೋ" ಎಂದಳು. ಗೌರಮ್ಮ ಕೂತರು. "ಇವತ್ತಿಂದ ಈ ಮಾತ್ರೆ ನೀನೇ ಕೊಡಬೇಕು. ನಂಗೆ ಕೈಯಲ್ಲಿ ಹಿಡಿಯೋಕ್ಕಾಗಲ್ಲ. ಇದು ನೋವಿಗಮ್ಮ. ಕಾಯಿಲೆಗಲ್ಲ."

"ಕಾಯಿಲೆಗೆ?"

"ಕಾಯಿಲೆಗೆ ಇನ್ನು ಯಾವುದೂ ಇಲ್ಲಮ್ಮ."

ಹೊರಗೆ ಯಾರದೋ ಸ್ಕೂಟರು ಸ್ಟಾರ್ಟಾಗದೆ ಕೆಮ್ಮುತ್ತಿತ್ತು. ಗೌರಮ್ಮ ಮಗಳ ಮುಖವನ್ನೇ ನೋಡುತ್ತಿದ್ದರು. ಅಳುತ್ತಾರೆ, ಕೂಗುತ್ತಾರೆ ಎಂದು ನಾನು ಹಿಡಿದುಕೊಳ್ಳಲು ಸಿದ್ಧಳಾಗಿದ್ದೆ. ಅವರು ಮಾತ್ರೆಯ ಹಾಳೆಯನ್ನು ಕೈಗೆತ್ತಿಕೊಂಡು, ಹಿಂದೆ ಮುಂದೆ ತಿರುಗಿಸಿ, ತುಂಬ ಮೆಲ್ಲಗೆ ಕೇಳಿದರು.

"ಊಟಕ್ಕೆ ಮುಂಚೆ ಕೊಡ್ಲಾ, ಆಮೇಲಾ?"

ಶಿವಲೀಲಾ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಯಾವಾಗ ಕೊಟ್ರೂ ನಡೆಯುತ್ತಮ್ಮ" ಎಂದಳು. ಗೌರಮ್ಮ ಸೆರಗಿನಿಂದ ಅವಳ ಕೆನ್ನೆ ಒರೆಸಿ, ತಲೆಯ ಕೆಳಗೆ ಕೈಯಿಟ್ಟು ಎತ್ತಿ, ಮಾತ್ರೆಯನ್ನು ನಾಲಿಗೆಯ ಮೇಲಿಟ್ಟು, ನೀರು ಕುಡಿಸಿದರು. ಅವಳು ನುಂಗುವವರೆಗೂ ಲೋಟ ಹಿಡಿದುಕೊಂಡೇ ಇದ್ದರು. ನಾನು ಚಪ್ಪಲಿ ಮೆಟ್ಟಿ ಹೊರಡುವಾಗಲೂ ಅಮ್ಮನ ಕೈ ಅವಳ ತಲೆಯ ಕೆಳಗೇ ಇತ್ತು. ಮರುವಾರ ನಾನು ಡ್ಯೂಟಿಯಲ್ಲಿದ್ದಾಗ, ಲೀಲಾ ಹೋದಳೆಂದು ಗೌರಮ್ಮನ ಫೋನು ಬಂತು.