ಮುರಿದು ನೋಡುತ್ತಿದ್ದ ಸಾಹೇಬರು

೧೯೯೭ರಲ್ಲಿ, ಎಂಟನೇ ಕ್ಲಾಸಿಗೇ ನಾನು ಓದು ನಿಲ್ಲಿಸಿದೆ. ಆಮೇಲೆ ಕಲಿತಿದ್ದೆಲ್ಲ ಕೈಯಿಂದ. ಕೈ ಅಂದಾಗೆಲ್ಲ ತಪಾಸಣೆ ಸಾಹೇಬರ ಬಲಗೈ ಹೆಬ್ಬೆರಳು ನೆನಪಾಗುತ್ತದೆ. ಅದರ ಉಗುರು ನಡುವೆ ಸೀಳಿತ್ತು. ಯಾವ ಸಾಮಾನು ಕೊಟ್ಟರೂ ಆ ಉಗುರಿನಿಂದಲೇ ಅಂಚು ಗೀಚಿ ನೋಡೋರು. ಕಾರ್ಖಾನೆಯೊಂದರಲ್ಲಿ ಮಾಲು ಪರೀಕ್ಷೆ ಮಾಡ್ತಿದ್ದವರು, ನಿವೃತ್ತರಾಗಿ ನ್ಯಾಮತಿಯಲ್ಲಿ ನನ್ನ ವರ್ಕ್‌ಶಾಪ್ ಎದುರಿನ ಮನೆಗೆ ಬಂದಿದ್ದರು.

ನಾನು ತ್ರೀಡಿ ಪ್ರಿಂಟರ್ ತಂದಾಗ ಅದರ ಮುಂದೆ ಸ್ಟೂಲ್ ಹಾಕ್ಕೊಂಡು ಗಂಟೆಗಟ್ಟಲೆ ಕೂತರು. ಪ್ಲಾಸ್ಟಿಕ್ ನೂಲು ಕರಗಿ, ಪದರದ ಮೇಲೆ ಪದರ ಕೂತು ಸಾಮಾನಾಗೋದು ನೋಡಿ, “ಒಳಗೆ ಗಟ್ಟಿ ಐತೋ ಇಲ್ಲೋ, ಹೆಂಗೆ ತಿಳಿಯೋದು?” ಅಂದರು. ನಾನು ನಕ್ಕೆ.

ನಡೆಯಲಾಗದವರಿಗೆ ಮೂರು ಗಾಲಿ ಸೈಕಲ್ ಕಟ್ಟುವ ಜಗಳೂರಿನ ಒಂದು ಶೆಡ್ಡಿನವರು ನಲವತ್ತು ಬ್ರೇಕ್ ಲಿವರ್ ಕೇಳಿದರು. ಸಾಹೇಬರ ಹೆಸರು ಮೊದಲೇ ಕೇಳಿದ್ದ ಅವರು, ಸಾಹೇಬರು ಪರೀಕ್ಷೆ ಮಾಡಿ ಸಹಿ ಹಾಕಿದರೆ ಮಾತ್ರ ತಗೋತೀವಿ ಅಂದರು. ನಾನು ನಲವತ್ತನ್ನೂ ಪ್ರಿಂಟರಿನಲ್ಲಿ ತೆಗೆದು, ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ನುಣ್ಣಗೆ ಮಾಡಿ, ಚೆಂದದ್ದೊಂದನ್ನು ಅವರ ಮುಂದಿಟ್ಟೆ.

“ಹೆಣ್ಣು ತೋರ್ಸೋ ಶಾಸ್ತ್ರ ಬ್ಯಾಡ ಮಾರಾಯ” ಅಂದವರೇ ಪಕ್ಕದ ಟೀ ಅಂಗಡಿ ಅಕ್ಕನನ್ನು ಕರೆದರು. “ಕಣ್ಣು ಮುಚ್ಕೊಂಡು ಎರಡು ತೆಗಿಯಮ್ಮ.”

“ಈ ಪಾಪ ನಂಗ್ಯಾಕ್ರಿ?” ಅಂತ ನಗ್ತಾ ಅಕ್ಕ ತೆಗೆದುಕೊಟ್ಟಳು.

ಸಾಹೇಬರು ಒಂದೊಂದನ್ನೇ ಮೇಜಿನ ವೈಸಿನ ಕಬ್ಬಿಣದ ದವಡೆಗೆ ಬಿಗಿದು ತುದಿಗೆ ತೂಕ ನೇತುಹಾಕಿದರು. ಮೊದಲನೆಯದು ಬಾಗಿ ನಿಂತಿತು. ಅದೇ ತೂಕಕ್ಕೆ ಎರಡನೆಯದು ಟಪ್ ಅಂತ ಮುರೀತು. ಅದೇ ಡ್ರಾಯಿಂಗು, ಅದೇ ಮಶೀನು, ಅದೇ ನೂಲು. ಯಾಕೆ?

“ಯಾವತ್ತು ಮಾಡಿದ್ದು? ಮಳೆ ಇತ್ತಾ? ನೂಲಿನ ಸುರುಳಿ ಡಬ್ಬದಾಗಿತ್ತೋ, ಹೊರಗಿತ್ತೋ?”

ಆಗ ಹೊಳೀತು. ಮಳೆ ಹಿಡಿದ ವಾರ ಸುರುಳಿ ಹೊರಗೇ ಇದ್ದು ತೇವ ಕುಡಿದಿತ್ತು; ತೇವದ ನೂಲಿನ ಪದರ ಒಂದಕ್ಕೊಂದು ಸರಿಯಾಗಿ ಕಚ್ಚಿರಲಿಲ್ಲ. ಆದರೆ ಆ ವಾರದ ಲಿವರ್ ಯಾವುವು? ಎಲ್ಲವನ್ನೂ ಒಂದೇ ಪುಟ್ಟಿಗೆ ಸುರಿದು, ಒಂದೇ ಥರ ಉಜ್ಜಿದ್ದೆ.

“ಅಷ್ಟೂ ಬಿಸಾಕು.”

“ಅರ್ಧಕ್ಕರ್ಧ ಗಟ್ಟಿ ಅದಾವು ಸಾಹೇಬ್ರೆ!”

“ಯಾವ ಅರ್ಧ, ತೋರ್ಸು. ಇಳಿಜಾರಿನಾಗೆ ಬ್ರೇಕ್ ಹಿಡಿಯೋನಿಗೆ ನಾನೇನು ಹೇಳ್ಲಿ?”

ಓದದವನು ಅಂತ ಹೀಗೆ ಮಾಡ್ತಾರೆ ಅಂತ ಮೈಯೆಲ್ಲ ಉರಿದು, ಎಂಟು ದಿನ ಮಾತು ಬಿಟ್ಟೆ. ಆಮೇಲೆ ಅವರೇ ಒಂದು ನೋಟ್‌ಬುಕ್ ಹಿಡಿದು ಬಂದರು.

“ದಿನ, ಹವಾ, ಸುರುಳಿ, ಲಿವರ್ ನಂಬರು. ನೀನೇ ಬರಿ.”

“ಬರಿಯಾಕೆ ಎಲ್ಲಿ ಬರ್ತದ್ರೀ ನಂಗೆ? ಕೋಳಿ ಕೆರೆದಂಗೈತೆ ಅಕ್ಷರ.”

“ಕೋಳಿ ಸುಳ್ಳು ಬರಿಯಲ್ಲ ಬಿಡು.”

ತೇವದ ಸುರುಳಿ, ಒಣಗಿಸಿದ ಸುರುಳಿ, ಎರಡರಲ್ಲೂ ಮಾಡಿ, ಮುರಿದು, ಬರೆದೆ. ಮುರಿಯೋದರ ರುಚಿ ಹತ್ತಿತು. ಲಿವರನ್ನ ಮಲಗಿಸಿ ಮಾಡಿದರೆ ಹೆಂಗೆ, ನಿಲ್ಲಿಸಿ ಮಾಡಿದರೆ ಹೆಂಗೆ ಅಂತ ಅವರ ಬಾಗಿಲು ಬಡಿಯತೊಡಗಿದೆ. ಹೊಸ ನಲವತ್ತಕ್ಕೂ ನಂಬರು ಬಿದ್ದ ಮೇಲೆ, ಮತ್ತೆರಡು ಮುರಿಯಲು ನೋಡಿ, ಅವು ಮುರಿಯದಿದ್ದಾಗ ಸಹಿ ಹಾಕಿದರು.

ಹೋದ ವರ್ಷ ಸಾಹೇಬರು ತೀರಿಕೊಂಡರು. ಹಾಸಿಗೆ ಹಿಡಿದಿದ್ದಾಗ ನೋಡಲು ಹೋದರೆ, “ಇವತ್ತೇನು ಮುರಿದೆ?” ಅಂತಲೇ ಕೇಳಿದ್ದರು.

ಈಗ ನನ್ನ ಹತ್ತಿರ ಮೂರು ಪ್ರಿಂಟರ್, ಒಂದು ಲೇತ್, ಹದಿನೇಳು ನೋಟ್‌ಬುಕ್ ಇವೆ. ಕೊಟ್ಟ ಲಿವರ್ ಇನ್ನೂರ ಆರು. ಬಿರುಕು ಬಿಟ್ಟು ವಾಪಸ್ ಬಂದದ್ದು ಒಂದು. ನೋಟ್‌ಬುಕ್ಕಿನಲ್ಲಿ ಅದರ ನಂಬರು ನೋಡಿ, ಆವತ್ತು ಅದರ ಜೊತೆ ಮಾಡಿದ ಐದನ್ನೂ ಜಗಳೂರಿಗೆ ಹೋಗಿ ಬದಲಿಸಿ ಬಂದೆ.